ಬುಡದ ಅಣಬೆ

ಹದಿನೆಂಟು ವರ್ಷದಿಂದ ಅಕ್ಕನ ಹೊಲಿಗೆ ಯಂತ್ರ ಹಗಲೆಲ್ಲ ಮನೆಯೆದುರಿನ ಬಾದಾಮಿ ಮರದ ನೆರಳಲ್ಲೇ ಇರುತ್ತಿತ್ತು. ನಮ್ಮ ಕೋಣೆಯಲ್ಲಿ ನಡುಹಗಲಲ್ಲೂ ಸೂಜಿಗೆ ದಾರ ಪೋಣಿಸಲಾಗದಷ್ಟು ಕತ್ತಲೆ. ಚರಂಡಿಗಾಗಿ ಮರ ಕಡಿಯುತ್ತಾರಂತೆ ಎಂದು ಗೊತ್ತಾದಾಗ ಅಕ್ಕ ಕಡಿಯಬೇಡಿ ಎಂದು ನಗರಸಭೆಗೆ ಅರ್ಜಿ ಬರೆಸಿದಳು. ಜೊತೆಗಿಡಲು ಮರದ ಚಿತ್ರ ಬರೆದುಕೊಡು ಎಂದು ನನಗೆ ಗಂಟುಬಿದ್ದಳು.

ನಾನು ಸಸ್ಯ ಸಂಗ್ರಹಾಲಯಕ್ಕೆ ಮರಗಳ ಚಿತ್ರ ಬರೆಯುವವಳು. ನಮ್ಮ ಕಸುಬಿನಲ್ಲಿ ಚಂದ ಮಾಡುವಂತಿಲ್ಲ. ಮರದೆದುರು ಕೂತು, ಕೊಂಬೆ ಎಣಿಸಿ, ಗಂಟು ಅಳೆದು, ಕಂಡದ್ದನ್ನು ಕಂಡ ಹಾಗೆ ಬರೆದು ತಾರೀಖು ಹಾಕಬೇಕು. ಒಂಬತ್ತು ಬೆಳಗ್ಗೆ ಸ್ಟೂಲು ಹಾಕಿಕೊಂಡು ಕೂತೆ. ಇನ್ನೇನು ಮುಗಿಯಿತು ಅನ್ನುವಾಗ ಬುಡದಲ್ಲಿ, ಗೋಡೆಯ ಕಡೆ, ಅಂಗೈಯಗಲದ ಅಣಬೆ ಕಂಡಿತು. ಒಳಗೆ ಕೊಳೆತಿರಬಹುದು ಎಂಬುದರ ಗುರುತು ಅದು. ಅದನ್ನೂ ಬರೆಯತೊಡಗಿದೆ.

"ಅದೊಂದು ಬಿಟ್ಬಿಡೇ," ಅಂದಳು ಅಕ್ಕ, ಯಂತ್ರ ತುಳಿಯುತ್ತಲೇ. "ಗೋಡೆ ಸಂದೀಲಿ ಯಾರು ಇಣುಕಿ ನೋಡ್ತಾರೆ?"

"ನೀನು ಒಂದು ತೋಳು ಬಿಟ್ಟು ಅಂಗಿ ಹೊಲೀತೀಯಾ?"

ಅಕ್ಕ ನಕ್ಕು ಹೊಲಿಗೆಗೆ ಬಗ್ಗಿದಳು. ಅವಳ ಬಾಯಿ ಮುಚ್ಚಿಸಿದೆನೆಂದು ನಾನು ಬೀಗಿದೆ.

ಕಚೇರಿಯಲ್ಲಿ ಎಂಜಿನಿಯರ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ಎಷ್ಟು ಚೆನ್ನಾಗಿ ಬರ್ದಿದ್ದೀರಿ ಮೇಡಂ! ಚರಂಡೀನ ಸ್ವಲ್ಪ ಪಕ್ಕಕ್ಕೆ ತಿರುಗಿಸೋಣ ಅಂತಿದ್ವಿ. ಮರಾನೇ ಬೀಳೋ ಹಾಗಿದೆ ಅಂತ ಗೊತ್ತಿರ್ಲಿಲ್ಲ."

"ಅಣಬೆ ಬಂದ ಮಾತ್ರಕ್ಕೆ ಮರ ಬೀಳಲ್ಲ ಸರ್. ಮೊದಲು ಕೊರೆದು ನೋಡ್ಸಿ."

"ನೀವೇ ಬರ್ದಿದ್ದೀರಲ್ಲ," ಎಂದು ಚಿತ್ರವನ್ನು ಕಡಿಯುವ ಆದೇಶಕ್ಕೆ ಪಿನ್ನು ಹೊಡೆದರು. ಕಾಡಿದೆ, ಬೇಡಿದೆ, ಮತ್ತೆ ಎರಡು ಸಲ ಹೋಗಿ ಬಂದೆ. ಪ್ರತಿಸಲವೂ ನನ್ನ ಚಿತ್ರವನ್ನೇ ನನಗೆ ತೋರಿಸಿದರು.

ನಾಲ್ಕನೆಯ ದಿನ ಗರಗಸ ಬಂತು. ಮರ ಉರುಳಿದ ಮೇಲೆ ಬೊಡ್ಡೆಯ ಮುಂದೆ ಕೂತೆ. ಕೊಳೆತದ್ದು ತೊಗಟೆಯ ಹತ್ತಿರ, ಎರಡು ಬೆರಳಗಲ ಮಾತ್ರ. ಉಳಿದದ್ದೆಲ್ಲ ಕಲ್ಲಿನ ಹಾಗೆ ಗಟ್ಟಿ. ಅಳೆದೆ, ಬರೆದೆ, ತಾರೀಖು ಹಾಕಿದೆ. ನನಗೆ ಬೇರೇನು ಬರುತ್ತದೆ?

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಬ್ಬರೂ ಸೇರಿ ಯಂತ್ರವನ್ನು ಎತ್ತಿ ಕೋಣೆಗೆ ಸಾಗಿಸಿದೆವು. ಅವಳು ದೀಪ ಹಾಕಿ, ಬಗ್ಗಿ, ಮೂರು ಸಲ ಯತ್ನಿಸಿ, ದಾರದ ತುದಿಯನ್ನು ನನ್ನತ್ತ ಚಾಚಿದಳು.

"ನಿನಗೆ ಎಲ್ಲಾ ಕಾಣತ್ತಲ್ಲ, ನೀನೇ ಪೋಣಿಸ್ಕೊಡೇ."

ನನಗೂ ಸೂಜಿಯ ತೂತು ಕಾಣಲಿಲ್ಲ.