ಅಪ್ಪನಿಗೆ ಕಾಣುವ ಗುಡ್ಡ

ಅಣಶಿ ರಾಷ್ಟ್ರೀಯ ಉದ್ಯಾನದ ಆ ಶಿಖರಕ್ಕೆ ಅರಣ್ಯ ಇಲಾಖೆಯವರು ಏನೋ ಒಂದು ಹೆಸರಿಟ್ಟಿದ್ದಾರೆ. ಕಾರವಾರದ ನಮ್ಮ ಮೀನುಗಾರರಿಗೆ ಅದು ಬರೀ ಮೊನೆಗುಡ್ಡ. ಕಡಲಿನಿಂದ ಮರಳುವಾಗ ದೋಣಿಯ ಮೂತಿಯನ್ನು ಅದರತ್ತ ಹಿಡಿದರೆ ಸಾಕು, ದಡ ಸಿಕ್ಕಿತೆಂದೇ ಲೆಕ್ಕ. ಐದನೇ ತರಗತಿಯ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಟ್ಟವಳು ಅವರ ಟೀಚರಾದ ನಾನೇ. ಎರಡು ಸಾವಿರದ ಏಳರ ಜನವರಿಯಲ್ಲಿ ಗುಡ್ಡ ತೋರಿಸಲು ಕರೆದೊಯ್ದವಳೂ ನಾನೇ.

"ಬಾಯಿ ಮುಚ್ಕಂಡು ನಡೀರಿ. ಮಂಗಟ್ಟೆ ಹಕ್ಕಿ ನಿಮ್ಮ ಗಲಾಟೆಗೆ ಗೋವಾಕ್ಕೆ ಓಡೋಗ್ತದೆ" ಎಂದು ಗದರಿದೆ. ಮಕ್ಕಳು ಇನ್ನೂ ಜೋರಾಗಿ ನಕ್ಕರು. ಅಮಿತಾ ಮಾತ್ರ ಚೀಲವನ್ನು ಎದೆಗವಚಿಕೊಂಡು ಸುಮ್ಮನೆ ಹತ್ತುತ್ತಿದ್ದಳು.

ಅವಳ ಅಪ್ಪ ಬೊಮ್ಮಯ್ಯ ಹಿಂದಿನ ಶ್ರಾವಣದಲ್ಲಿ ಕಡಲಿಗೆ ತೆಂಗಿನಕಾಯಿ ಅರ್ಪಿಸುವ ನಾರಳಿ ಹುಣ್ಣಿಮೆ ಮುಗಿಸಿ ಕಡಲಿಗಿಳಿದವನು, ಗಾಳಿಮಳೆಗೆ ಸಿಕ್ಕು ಮರಳಲೇ ಇಲ್ಲ. ಹೆಣ ಸಿಗದವನಿಗಾಗಿ ಅಳಲು ನಮ್ಮ ಕೇರಿ ಹಿಂದೆಮುಂದೆ ನೋಡುತ್ತದೆ. ಅವನ ಹೆಂಡತಿ ದುರ್ಗಿ ಬಳೆ ತೆಗೆಯಲಿಲ್ಲ. ಮೋಡದಲ್ಲಿ ಗುಡ್ಡ ಕಾಣದೆ ಅಪ್ಪ ದಾರಿ ತಪ್ಪಿದ್ದಾನೆ, ಬರುತ್ತಾನೆ ಎಂದು ಮಗಳಿಗೆ ಹೇಳಿದಳು. ನಾವ್ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ತುದಿ ಮುಟ್ಟಿದ ಮೇಲೆ ಅಮಿತಾ ಚೀಲ ಬಿಚ್ಚಿದಳು. ಒಳಗೆ ಅವಳ ಆಯಿ ದುರ್ಗಿಯ ಮದುವೆಯ ಕೆಂಪು ಸೀರೆ.

"ಎಂಥದೇ ಇದು? ಆಯಿಗೆ ಗೊತ್ತುಂಟಾ?"

"ಇಲ್ಲ ಅಕ್ಕೋರೇ. ಆ ಮರಕ್ಕೆ ಕಟ್ಟಿಕೊಡಿ. ಅಪ್ಪಂಗೆ ದೂರದಿಂದ ಕಾಣ್ಬೇಕು."

ಆಗಲಾದರೂ ನಿಜ ಹೇಳಬೇಕಿತ್ತು. ಧೈರ್ಯ ಸಾಲದೆ ಸೀರೆಯ ಒಂದು ತುದಿ ಹಿಡಿದುಕೊಂಡು ಕೊಂಬೆ ಹುಡುಕತೊಡಗಿದೆ.

ಅವಳು ಪಶ್ಚಿಮಕ್ಕೆ ತಿರುಗಿ ನಿಂತಿದ್ದಳು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಕಾಡು ಮುಗಿದಲ್ಲಿ ಕಾಳಿ ನದಿ, ಅದರಾಚೆ ಕಡಲು, ಎಲ್ಲ ನಿಚ್ಚಳವಾಗಿತ್ತು.

"ಅಕ್ಕೋರೇ, ಇಲ್ಲಿಂದ ಕಡಲು ಇಷ್ಟು ಚೊಲೋ ಕಾಣ್ತದೆ. ಅಲ್ಲಿಂದ ಗುಡ್ಡಾನೂ ಹಿಂಗೇ ಕಾಣ್ತದಲ್ರಾ?"

"ಹ್ಞೂಂ."

"ಮಳೆ ಹೋಗಿ ಎಷ್ಟೋ ದಿನ ಆತು. ಹಂಗಾರೆ ಅಪ್ಪಂಗೆ ದಿನಾ ಕಂಡಿರ್ಬೇಕು."

ಅಷ್ಟು ಸ್ಪಷ್ಟವಾಗಿ ನಿಂತಿದ್ದ ಆ ಗುಡ್ಡದ ಮೇಲೆಯೇ ನನಗೆ ಸಿಟ್ಟು ಬಂತು. ಅಮಿತಾ ನನ್ನ ಕೈಯಿಂದ ಸೀರೆ ಬಿಡಿಸಿಕೊಂಡಳು. ಬಂಡೆಯ ಮೇಲೆ ಹಾಸಿ, ಹಳೆಯ ಮಡಿಕೆಗಳು ತಪ್ಪದಂತೆ ಮಡಚಿ, ಚೀಲದೊಳಗಿಟ್ಟಳು. ಅಳಲಿಲ್ಲ. ಅತ್ತವಳು ನಾನು.

ಇಳಿಯುವಾಗ ನನ್ನ ಬೆರಳು ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಅಪ್ಪ ಬರೂದಿಲ್ಲ ಅಂತ ಆಯಿಗೆ ಹೇಳ್ಬೇಡಿ ಅಕ್ಕೋರೇ. ಅವಳಿಗೆ ಇನ್ನೂ ಗೊತ್ತಿಲ್ಲ."