ನಿರ್ಮಲಮ್ಮ ಸೊಸೆಯನ್ನು ಹೊರಗೆ ಹಾಕಿದ್ದು

ಒಂದಾನೊಂದು ಊರಿನಲ್ಲಿ ಒಬ್ಬಳು ಅತ್ತೆ ಇದ್ದಳು. ಎಷ್ಟು ಕೆಟ್ಟವಳೆಂದರೆ, ಅವಳು ನಡೆದ ದಾರಿಯಲ್ಲಿ ಗರಿಕೆಯೂ ಚಿಗುರುತ್ತಿರಲಿಲ್ಲ, ಅವಳು ಇಣುಕಿ ನೋಡಿದ ಹಾಲು ಒಲೆ ಏರುವ ಮೊದಲೇ ಒಡೆಯುತ್ತಿತ್ತು. ಅಂಥ ಅತ್ತೆ ಒಂದು ದಿನ, ಏನೂ ಅರಿಯದ ಸೊಸೆಯ ಕೆನ್ನೆಗೆ ಬಾರಿಸಿ, ರಟ್ಟೆ ಹಿಡಿದೆಳೆದು, ಹೊಸ್ತಿಲಾಚೆಗೆ ದಬ್ಬಿದಳು.

ತನುಶ್ರೀ ಬರೆದ ಕತೆ ಇಷ್ಟೇ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕತೆ ಕೇಳುತ್ತ ಬೆಳೆದ ಹುಡುಗಿಗೆ ಇದನ್ನು ಬರೆಯಲು ಕಾಲು ಗಂಟೆಯೂ ಹಿಡಿದಿರಲಿಲ್ಲ. ಕಾಗದದ ಮೇಲೆ ದಬ್ಬುವುದು ಸುಲಭ. ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ, ಸ್ವಂತ ದೊಡ್ಡಮ್ಮ ನಿರ್ಮಲಮ್ಮನ ಕೈಯಲ್ಲಿ ದಬ್ಬಿಸುವುದು ಮಾತ್ರ, ಶುಕ್ರವಾರ ಮಧ್ಯಾಹ್ನ ಮೂರಾದರೂ ಆಗಿರಲಿಲ್ಲ.

ಪತ್ರಿಕೋದ್ಯಮದ ಕೊನೇ ವರ್ಷದವರಿಗೆ ಬಸವಪ್ರಭು ಸರ್ ಕೊಟ್ಟ ಕೆಲಸವದು: ಇಲ್ಲದ ಧಾರಾವಾಹಿಯೊಂದಕ್ಕೆ ಎರಡು ನಿಮಿಷದ ಟ್ರೇಲರ್. ಏನೇನಿರಬೇಕೆಂದು ಬೋರ್ಡಿನ ಮೇಲೆ ಬರೆದಿದ್ದರು. ಮನೆಯಲ್ಲೊಂದು ಗುಟ್ಟು, ಕೆನ್ನೆಗೊಂದು ಏಟು, ಒಂದೇ ಮುಖವನ್ನು ಮೂರು ಸಲ ತೋರಿಸುವುದು, ಗುಡುಗು, ಕೊನೆಗೆ ಮುಂದೇನು ಅನ್ನುವಲ್ಲಿ ತಟ್ಟನೆ ನಿಲ್ಲಿಸುವುದು.

"ನಗಬ್ಯಾಡ್ರಿ," ಅಂದಿದ್ದರು. "ನಿಮ್ಮನೆಯೋರು ಒಲಿ ಮ್ಯಾಲಿನ ಸಾರು ಬಿಟ್ಟು ಬಂದು ನೋಡ್ತಾರಲ್ಲ, ಯಾಕ ನೋಡ್ತಾರೆ ಅಂತ ಮಾಡಿ ತೋರಿಸ್ರಿ."

ಶನಿವಾರ ಸಂಜೆ ಐದರೊಳಗೆ ಕ್ಯಾಸೆಟ್ ಅವರ ಟೇಬಲ್ಲಿನ ಮೇಲಿರಬೇಕು. ತನುಶ್ರೀ ಹಿಂದಿನ ಎರಡು ಕೆಲಸಗಳನ್ನು ಕಿಟಕಿಯಾಚೆ ನೋಡುತ್ತಲೇ ಕಳೆದುಕೊಂಡಿದ್ದಳು. ಇದೂ ಹೋದರೆ ಪ್ರಾಕ್ಟಿಕಲ್‌ಗೆ ಸೊನ್ನೆ, ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷವೇ ಮಣ್ಣುಪಾಲು.

ಕ್ಯಾಮೆರಾ ಹರಿಹರದ ನಯೀಮ್‌ನದು. ಏಳೆಂಟು ವರ್ಷದಿಂದ ಮದುವೆ ವೀಡಿಯೋ ತೆಗೆಯುತ್ತಿದ್ದ, ಮದುವೆ ಬಿಟ್ಟು ಇನ್ನೊಂದನ್ನು ತೆಗೆದವನಲ್ಲ. ಶುಕ್ರವಾರ ಸಂಜೆ ಆರಕ್ಕೇ ಅವನಿಗೆ ಹರಿಹರದಲ್ಲಿ ರಿಸೆಪ್ಶನ್ ಇತ್ತು. ಬಂದವನೇ ಬಾಗಿಲ ತೋರಣದ ವೀಡಿಯೋ ತೆಗೆದ. ಆಮೇಲೆ ಅಡಿಗೆಮನೆ ಹೊಕ್ಕು ಅನ್ನದ ಪಾತ್ರೆಯ ಮೇಲೆ ಕ್ಯಾಮೆರಾ ಇಳಿಸಿದ.

"ಅದ್ಯಾಕಣ್ಣಾ?" ಅಂದಳು ತನುಶ್ರೀ.

"ಊಟದ್ದು ಇಲ್ದಿದ್ರೆ ಕ್ಯಾಸೆಟ್ಟು ಯಾರೂ ತಗಳಲ್ಲ ಮೇಡಂ."

"ನಮ್ ಸರ್ ತಗಂತಾರೆ. ನೀನು ಬಾ."

ಸೊಸೆಯಾಗಿ ನಿಂತವಳು ಗೆಳತಿ ವಾಣಿ. ನಿರ್ಮಲಮ್ಮನದೇ ಸೀರೆ, ಅಂಗಡಿಯಿಂದ ತಂದ ಕರಿಮಣಿ. ನಿರ್ಮಲಮ್ಮ ಟೀವಿಯ ಅತ್ತೆಯರಿಗೆ ದಿನವೂ ಶಾಪ ಹಾಕುವವಳು. ಕೆಟ್ಟ ಅತ್ತೆ ಹೇಗಿರುತ್ತಾಳೆಂದು ತನ್ನಷ್ಟು ಬಲ್ಲವರಿಲ್ಲವೆಂದು ಹುರುಪಿನಿಂದಲೇ ಒಪ್ಪಿದ್ದಳು. ಕಣ್ಣು ಕೆಂಪಗೆ ಮಾಡಿಕೊಂಡು ಕೈಯೆತ್ತಿದಳು ಕೂಡ.

"ಅಮ್ಮಾರೆ, ಈ ಕಡೆ ನೋಡ್ರಿ," ಅಂದ ನಯೀಮ್. "ಸ್ವಲ್ಪ ನಗ್ರಿ."

ಎತ್ತಿದ ಕೈ ಎತ್ತಿದಂತೆಯೇ ನಿರ್ಮಲಮ್ಮ ನಕ್ಕಳು. ಹೊಡೆಸಿಕೊಳ್ಳಬೇಕಾದ ವಾಣಿಯೂ ಸೆರಗು ಸರಿಮಾಡಿಕೊಂಡು ನಕ್ಕಳು.

"ನಗಂಗಿಲ್ಲ. ಯಾರೂ ನಗಂಗಿಲ್ಲ. ನಯೀಮಣ್ಣ, ನಗ್ರಿ ಅನ್ನಬ್ಯಾಡ."

"ಬಾಯಿಗೆ ತಾನೇ ಬರ್ತೈತೆ ಮೇಡಂ, ಏನ್ಮಾಡ್ಲಿ."

ನಾಲ್ಕು ಸಲ ತೆಗೆದರು. ಎರಡು ಸಲ ನಯೀಮ್ ನಗಿಸಿದ. ಮೂರನೆಯ ಸಲ ಅವನು ಬಾಯಿ ಬಿಗಿಹಿಡಿದನಾದರೂ, ಅಭ್ಯಾಸಬಲದಿಂದ ವಾಣಿಯ ಕಿವಿಯೋಲೆ ತೋರಿಸುತ್ತ ಕೂತು ಏಟನ್ನೇ ತೆಗೆಯದೆ ಹೋದ. ನಾಲ್ಕನೆಯ ಸಲ ನಿರ್ಮಲಮ್ಮನ ಕೈ ಕೆನ್ನೆಯವರೆಗೆ ಬಂದು, ಅಲ್ಲೇ ದೃಷ್ಟಿ ತೆಗೆದು ಲಟಿಗೆ ಮುರಿಯಿತು. "ಎಷ್ಟು ಸೊರಗಿಯಲ್ಲೇ ಯವ್ವಾ, ಹಾಸ್ಟೆಲ್ನಾಗೆ ಏನು ಹಾಕ್ತಾರೆ?"

ತನುಶ್ರೀ ಕಂಬಕ್ಕೆ ಹಣೆ ಕೊಟ್ಟು ನಿಂತಳು. "ಏಟು ಬಿಡ್ರಿ. ಹೊರಗಾದ್ರೂ ಹಾಕು ದೊಡ್ಡಮ್ಮ. ಹೋಗು ಅಂತ ಹೇಳು, ದಬ್ಬು. ಅಷ್ಟೇ."

ನಿರ್ಮಲಮ್ಮ ಬಾಗಿಲಿಗೆ ಬಂದಳು. ಗಂಟಲು ಸರಿಮಾಡಿಕೊಂಡಳು. "ಹೋಗಿ ಬಾ," ಅಂದಳು.

"ದೊಡ್ಡಮ್ಮ."

"ನನ್ನ ಬಾಯಾಗೆ ಬರೀ ಹೋಗು ಹೊಂಡಂಗಿಲ್ಲ ಕಣೆ. ತಡಿ, ಕುಂಕುಮ ತರ್ತೀನಿ."

"ಕುಂಕುಮ ಯಾಕ?"

"ಶುಕ್ರವಾರ ಐತೆ. ಕೊಳ್ಳಾಗೆ ಕರಿಮಣಿ ಹಾಕ್ಕೊಂಡು ನಿಂತಾಳೆ. ಬರಿಗೈಲಿ ಹೆಂಗೆ ಕಳಸಾದು?"

"ಕಳಸಾದಲ್ಲ, ಹೊರಗೆ ಹಾಕಾದು. ನೀನು ಕೆಟ್ಟ ಅತ್ತೆ. ಇದು ನಾಟಕ."

"ನಾಟಕ ನಿಂದು. ಹೊಸ್ತಿಲು ನಂದಲ್ಲೇನು?" ನಿರ್ಮಲಮ್ಮ ಆಗಲೇ ದೇವರಮನೆಯ ಕಡೆ ಹೊರಟಿದ್ದಳು. "ಮುತ್ತೈದೆ ಉಡಿ ತುಂಬಿಸ್ಕಳದೆ ನಮ್ಮನೆಯಿಂದ ಹೊರಗೆ ಹೋಗಿದ್ದೇ ಇಲ್ಲ. ಕೆಟ್ಟಾಕೆ ಆದ್ರೆ ರೀತಿ ಬಿಡಬೇಕೇನು?"

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ನಯೀಮ್ ವೈರು ಸುತ್ತತೊಡಗಿದ್ದ. ಅಜ್ಜಿಯ ಕತೆಗಳಲ್ಲಿ ರಾಕ್ಷಸಿಯನ್ನು ರಾಕ್ಷಸಿಯಾಗಿರೆಂದು ಯಾರೂ ಬೇಡಿಕೊಳ್ಳಬೇಕಾಗಿರಲಿಲ್ಲವಲ್ಲ ಎಂದು ತನುಶ್ರೀಗೆ ಅಳು ಬಂತು.

"ಆಯ್ತು. ಏನಾದ್ರೂ ಕೊಟ್ಕ. ಕೊಟ್ಟ ಮೇಲಾದ್ರೂ ಹೊರಗೆ ಹಾಕ್ತೀಯಾ?"

"ಹಾಕ್ತೀನಿ ಬಿಡು."

"ಒಂದು ಮಾತೂ ಆಡಬ್ಯಾಡ. ಬಾಗಿಲು ಹಾಕಿ ಚಿಲಕ ಹಾಕು."

ನಿರ್ಮಲಮ್ಮ ತಟ್ಟೆ ಹಿಡಿದು ಬಂದಳು. ಕುಂಕುಮ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಹಸಿರು ರವಿಕೆ ಖಣ. ನಾಟಕವಾಡಲು ಬಾರದ ಆ ಮುಖ, ಮಾಡಿ ಮಾಡಿ ರೂಢಿಯಾದ ಕೆಲಸಕ್ಕೆ ಇಳಿದದ್ದೇ ಗಂಭೀರವಾಯಿತು. ಯಾರೂ ಹೇಳದೆಯೇ ನಯೀಮ್ ಮಂಡಿಯೂರಿದ. ತಟ್ಟೆಯಿಂದ ಬೆರಳಿಗೆ, ಬೆರಳಿನಿಂದ ಹಣೆಗೆ, ಒಡ್ಡಿದ ಸೆರಗಿಗೆ ಬಿದ್ದ ಅಕ್ಕಿಗೆ, ಅಲ್ಲಿಂದ ನಿಧಾನವಾಗಿ ನಿರ್ಮಲಮ್ಮನ ಕಣ್ಣಿಗೆ ಕ್ಯಾಮೆರಾ ಏರಿತು. ಆ ದಾರಿ ಅವನ ಕೈಗೆ ಗೊತ್ತಿತ್ತು. ನಿರ್ಮಲಮ್ಮ ವಾಣಿಯ ಭುಜ ಹಿಡಿದು ತಿರುಗಿಸಿದಳು, ಹೊಸ್ತಿಲು ದಾಟಿಸಿದಳು, ಬಾಗಿಲು ಮುಚ್ಚಿದಳು. ಚಿಲಕ ಬಿತ್ತು.

"ತನೂ," ಬಾಗಿಲಾಚೆಯಿಂದ ವಾಣಿಯ ದನಿ ಬಂತು. "ನನಗೆ ಖರೇನೇ ಅಳು ಬರ್ತಾ ಐತೆ ಕಣೆ. ನಿಮ್ ದೊಡ್ಡಮ್ಮ ಬೈದಿದ್ರೆ ಚಲೋ ಇತ್ತು."

ತನುಶ್ರೀಗೆ ಅದು ತಲೆಗೇ ಹೋಗಲಿಲ್ಲ. ಏಟಿಲ್ಲ, ದಬ್ಬಿದ್ದಿಲ್ಲ, ಬೈಗುಳವಿಲ್ಲ. ಉಡಿ ತುಂಬಿದ ವೀಡಿಯೋ ಒಂದಾಯಿತು, ಅಷ್ಟೇ.

ಶನಿವಾರ ಬೆಳಿಗ್ಗೆ ಹರಿಹರದ ನಯೀಮ್‌ನ ಅಂಗಡಿ. ಎರಡು ವಿ.ಸಿ.ಆರ್., ಒಂದು ಟೀವಿ, ದೃಶ್ಯ ಜೋಡಿಸುವ ಪೆಟ್ಟಿಗೆ. ಪೆಟ್ಟಿಗೆಯೊಳಗಿದ್ದದ್ದೆಲ್ಲ ಮದುವೆಯ ಅಲಂಕಾರ: ಹೃದಯ, ಗುಲಾಬಿ, ಅರಳುವ ಕಮಲ. ಇನ್ನೇನು ಕೂರಬೇಕು ಅನ್ನುವಾಗ ಕರೆಂಟು ಹೋಯಿತು. ಬಂದಾಗ ಎರಡು ದಾಟಿತ್ತು. ಏಟುಗಳನ್ನು ನೋಡಿದರು, ನಾಲ್ಕರಲ್ಲಿ ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ. ಕೊನೆಗೆ ಬಾಗಿಲಿನದು ಬಂತು.

ಟೀವಿಯಲ್ಲಿದ್ದವಳು ದೊಡ್ಡಮ್ಮನಂತೆ ಕಾಣಲಿಲ್ಲ. ಇಷ್ಟು ಮರ್ಯಾದೆಯಿಂದ ಉಡಿ ತುಂಬಿ, ತುಟಿ ಎರಡು ಮಾಡದೆ ಬಾಗಿಲು ಮುಚ್ಚುವವಳ ಮನಸ್ಸಿನಲ್ಲಿ ಏನಿದೆಯೋ ಎಂದು ತನುಶ್ರೀ ಟೀವಿಯ ಹತ್ತಿರಕ್ಕೆ ಬಗ್ಗಿದಳು.

"ಇವರು ಆ ಹುಡುಗೀನ ಯಾಕ ಹೊರಗೆ ಹಾಕಿದ್ರು ಮೇಡಂ?" ತಾನೇ ತೆಗೆದವನು ಕೇಳಿದ.

"ನಂಗೂ ಗೊತ್ತಿಲ್ಲಣ್ಣ," ಅಂದಳು ತನುಶ್ರೀ. "ಗೊತ್ತಾಗೋದೂ ಬ್ಯಾಡ. ಉಳಿದಿದ್ದೆಲ್ಲ ತೆಗಿ. ಕಣ್ಣು ಮೂರು ಸಲ ಹಾಕು."

ಗುಡುಗಿರಲಿಲ್ಲ. ಚಿಲಕದ ಸದ್ದನ್ನೇ ಮೂರು ಸಲ, ಒಂದಕ್ಕಿಂತ ಒಂದು ಜೋರಾಗಿ ಹಾಕಿದರು. ತನುಶ್ರೀ ಮೈಕು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು: "ಸೊಸೆಯನ್ನು ಹೊರಗೆ ಹಾಕಿದ ಮನೆಗಳನ್ನು ಕಂಡಿದ್ದೀರಿ. ಉಡಿ ತುಂಬಿ ಹೊರಗೆ ಹಾಕಿದ ಮನೆಯನ್ನು ಕಂಡಿದ್ದೀರಾ?" ಅಲ್ಲಿಗೆ ನಿಲ್ಲಿಸಬೇಕು. ನಯೀಮ್‌ನ ಬೆರಳು ತಾನಾಗಿ ಗುಂಡಿಯೊತ್ತಿತು. ಮುಚ್ಚಿದ ಬಾಗಿಲ ಸುತ್ತ ಕೆಂಪು ಹೃದಯವೊಂದು ಅರಳಿತು.

"ನಯೀಮಣ್ಣಾ."

"ತೆಗೀಬೇಕಂದ್ರೆ ಮತ್ತೆ ಮೊದಲಿಂದ ಮೇಡಂ."

ಮೂರೂವರೆಯಾಗಿತ್ತು. ಕ್ಯಾಸೆಟ್ ಕಿತ್ತುಕೊಂಡು ಓಡಿದಳು. ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ದಾರಿಯ ಬಾತಿ ಊರಿನಲ್ಲಿ ಒಬ್ಬರು ಕುರಿಮರಿ ಹತ್ತಿಸಲು ಕಂಡಕ್ಟರನೊಡನೆ ವಾದಕ್ಕೆ ನಿಂತರು. "ಹತ್ತಿಸ್ಕಳ್ರಿ ಅತ್ಲಾಗೆ," ಎಂದು ತನುಶ್ರೀಯೇ ಮರಿಯನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು.

ಬಸವಪ್ರಭು ಸರ್ ಬೀಗದ ಕೈ ಹಿಡಿದು ಎದ್ದಿದ್ದರು. ಮತ್ತೆ ಕೂತು ನೋಡಿದರು. ಹೃದಯ ಬಂದಾಗ ಕನ್ನಡಕ ತೆಗೆದು ಒರೆಸಿದರು.

"ಏಟು ಎಲ್ಲೈತಮ್ಮಾ?"

"ಹೊಡಿಯಾಕೆ ಒಪ್ಪಲಿಲ್ಲ ಸರ್."

ಅವರು ಟೇಪು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಿದರು.

"ಆ ಹುಡುಗಿ ಮಾಡಿದ್ದಾದ್ರೂ ಏನು?"

ಸರ್ ರಿಜಿಸ್ಟರ್ ತೆರೆದು ಅವಳ ಹೆಸರಿನ ಮುಂದೆ ಬೆರಳಿಟ್ಟರು. ಅವಳು ಸಹಿ ಹಾಕಿ, ಪಕ್ಕದಲ್ಲಿ ವೇಳೆ ಬರೆದಳು: ನಾಲ್ಕು ಐವತ್ತೆಂಟು.