ಆರನೆಯ ಬಣ್ಣ

ಮಹದೇವಪುರದ ಕೆರೆಯ ದಡವನ್ನು ಚೆಂದ ಮಾಡಿಸುತ್ತೇವೆಂದು ಒಂದು ಕಂಪನಿ ಮುಂದೆ ಬಂದಿತು. ಕೆರೆಗೆ ಅಂಟಿಕೊಂಡೇ ಊರಿನ ಸ್ಮಶಾನ. ದಾಸಪ್ಪ ತನ್ನ ಹೆಂಡತಿ ಚಿಕ್ಕಮುನಿಯಮ್ಮನನ್ನು ಅಲ್ಲಿ ಮಣ್ಣು ಮಾಡಿ ವರ್ಷವೂ ತುಂಬಿರಲಿಲ್ಲ. ಒಂದು ಸೋಮವಾರ ಸಮಾಧಿಗೆ ದೀಪ ಹಚ್ಚಲು ಹೋದರೆ, ಅವಳ ತಲೆಯ ಬಳಿ ಒಂದು ಗೂಟ, ಕಾಲಿನ ಬಳಿ ಒಂದು ಗೂಟ, ನಡುವೆ ಬಿಗಿದು ಕಟ್ಟಿದ ದಾರ.

“ಏನಪ್ಪಾ ಇದು?” ಎಂದು ಗೂಟ ಹೊಡೆಯುತ್ತಿದ್ದ ಕೂಲಿಯಾಳು ಬಸಲಿಂಗನನ್ನು ಕೇಳಿದ.

“ವಾಕಿಂಗ್ ಟ್ರ್ಯಾಕ್ ಬರ್ತೈತ್ರಿ ಯಜ್ಜಾ. ಮ್ಯಾಪಿನ್ಯಾಗ ಇದು ಪಾರ್ಕ್.”

“ಸಮಾಧಿ ಕಾಣಾಕಿಲ್ವಾ ನಿಂಗೆ?”

“ನನಗ ಕಾಣ್ತಾವ್ರಿ. ಮ್ಯಾಪಿಗೆ ಕಾಣಂಗಿಲ್ಲ. ಶುಕ್ರವಾರ ಜೆಸಿಬಿ ಬರ್ತೈತಿ, ಅಷ್ಟರಾಗ ಯಾರಿಗಾರ ಹೇಳ್ರಿ.”

ಕಂಟ್ರಾಕ್ಟರನಿಗೆ ಹೇಳಿದರೆ, ನಕ್ಷೆ ಬದಲಾಗದೆ ಗೂಟ ಕೀಳುವುದಿಲ್ಲ ಎಂದುಬಿಟ್ಟ. ನಕ್ಷೆ ಮಾಡಿದವಳು ಆ ಕಂಪನಿಯಲ್ಲೇ ಕೆಲಸಕ್ಕಿದ್ದ ಲಾವಣ್ಯ. ದಾಸಪ್ಪನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಅವಳು ಲ್ಯಾಪ್‌ಟಾಪ್ ತೆರೆದು ನೋಡಿ ಹಣೆ ಹಿಡಿದುಕೊಂಡಳು.

“ತಾತ, ನಮಗೆ ಕೊಟ್ಟಿರೋ ಬಣ್ಣ ಐದೇ. ಜಾಗದ ಬಗೆ ಆರು: ಪಾರ್ಕು, ನೀರು, ರಸ್ತೆ, ಮನೆ, ಆಫೀಸು, ಸ್ಮಶಾನ. ಬಣ್ಣ ಮುಗಿದ್ರೆ ಪ್ರೋಗ್ರಾಮ್ ತಿರುಗಿ ಮೊದಲನೇದಕ್ಕೇ ಹೋಗ್ಬಿಡತ್ತೆ. ಅದಕ್ಕೇ ಸ್ಮಶಾನಕ್ಕೂ ಪಾರ್ಕಿನ ಬಣ್ಣ ಬಂದಿದೆ.”

“ಇನ್ನೊಂದು ಬಣ್ಣ ಆಕವ್ವ. ಬಣ್ಣಕ್ಕೂ ಬರವಾ?”

“ಹಾಕೋಕೆ ಮಲ್ಲಿಕ್ ಸಾರ್ ಒಪ್ಪಬೇಕು ತಾತ. ಬನ್ನಿ, ನಾಳೆ ಕರ್ಕೊಂಡು ಹೋಗ್ತೀನಿ.”

ಮಲ್ಲಿಕ್ ಕಂಪನಿಯ ಬಣ್ಣಗಳ ಕಾವಲುಗಾರ. ಕಂಪನಿಯ ಹೆಸರು, ಅಕ್ಷರ, ಬಣ್ಣ ಎಲ್ಲಿ ಹೇಗೆ ಬರಬೇಕೆಂದು ವಿಧಿಸುವ ದಪ್ಪ ಪುಸ್ತಕ ಅವನ ಮೇಜಿನ ಮೇಲಿತ್ತು. ಅವನು ಅದನ್ನು ಮುಟ್ಟುವಷ್ಟು ಮಡಿಯಿಂದ ದಾಸಪ್ಪ ದೇವರ ಮನೆಯ ಪುಸ್ತಕವನ್ನೂ ಮುಟ್ಟಿದವನಲ್ಲ. ಅದರಲ್ಲಿ ಬಣ್ಣಗಳಿಗೆ ನಾಮಕರಣವೂ ಆಗಿತ್ತು. ನೀಲಿ ‘ನಂಬಿಕೆ’, ಹಳದಿ ‘ನಗು’, ಪಾರ್ಕಿಗೆ ಹಾಕಿದ್ದ ಕಿತ್ತಳೆ ‘ಉತ್ಸಾಹ’. ನಕ್ಷೆಯಲ್ಲಿ ಚಿಕ್ಕಮುನಿಯಮ್ಮ ಮಲಗಿದ್ದುದು ಉತ್ಸಾಹದಲ್ಲಿ.

“ಒಂದು ಚೂರು ಕಪ್ಪು ಕೊಡಿ ಸ್ವಾಮಿ, ಸಾಕು,” ಎಂದ ದಾಸಪ್ಪ.

“ಅಂಕಲ್, ಬ್ಲ್ಯಾಕ್ ನಮ್ಮ ಬ್ರ್ಯಾಂಡಲ್ಲೇ ಇಲ್ಲ. ನೆಗೆಟಿವ್ ಫೀಲಿಂಗ್ ಬರತ್ತೆ.”

“ಸತ್ತೋರ ಜಾಗ ಅಲ್ವಾ ಸ್ವಾಮಿ?”

“ಅದನ್ನೇ ಹೇಳ್ತಿರೋದು. ಸಾವು ನಮ್ಮ ಬ್ರ್ಯಾಂಡಲ್ಲಿ ಇಲ್ಲ.”

“ಪುಣ್ಯವಂತ್ರು. ನಮ್ಮೂರಾಗೆ ಐತೆ.”

“ಸುತ್ತ ಒಂದು ಗೆರೆನಾದ್ರೂ ಎಳೀಲಾ ಸಾರ್?” ಎಂದಳು ಲಾವಣ್ಯ.

“ಗೆರೆ ಗಲೀಜಾಗಿ ಕಾಣತ್ತೆ. ಮ್ಯಾಪ್ ನಗ್ತಾ ಇರ್ಬೇಕು ಕಣ್ರೀ.”

ದಾಸಪ್ಪ ಕೈ ಮುಗಿಯಲು ಎದ್ದ. ಲಾವಣ್ಯ ಅವನ ತೋಳು ಹಿಡಿದು ಕೂರಿಸಿದಳು. ಪುಸ್ತಕವನ್ನು ಎಳೆದುಕೊಂಡು ಹಾಳೆ ತಿರುವಿದಳು. ಆಮೇಲೆ ಬಹಳ ವಿನಯದಿಂದ, “ಸಾರ್, ನಮ್ಮ ಲೋಗೋ ಮೂಲೇಲಿ ಚಿಕ್ಕದಾಗಿ ಕಾಣ್ತಿದೆ. ಇಲ್ಲಿಗೆ ತಂದು ದೊಡ್ಡದು ಮಾಡ್ಲಾ?” ಎಂದು ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಕಂಪನಿಯ ಗುರುತನ್ನು ಸ್ಮಶಾನದ ಮೇಲೆ ತಂದು ಕೂರಿಸಿದಳು.

ಮಲ್ಲಿಕ್‌ನ ಮುಖ ಅರಳಿತು. “ಸಕ್ಕತ್! ಮೊದಲೇ ಯಾಕೆ ಮಾಡ್ಲಿಲ್ಲ?”

“ಆದ್ರೆ ಸಾರ್, ಲೋಗೋ ಸುತ್ತ ಖಾಲಿ ಜಾಗ ಬಿಡ್ಬೇಕು, ಅದರೊಳಗೆ ಏನೂ ಬರಬಾರ್ದು ಅಂತ ಇದರಲ್ಲಿದೆ. ಈ ಟ್ರ್ಯಾಕ್ ನೋಡಿ, ಲೋಗೋ ಮೇಲೇ ಹೋಗ್ತಿದೆ.”

ಮಲ್ಲಿಕ್ ಹಾವು ಕಂಡವನಂತೆ ಬೆಚ್ಚಿದ. “ಲೋಗೋ ಮೇಲೆ ಟ್ರ್ಯಾಕಾ? ತೆಗೀರಿ! ಕಂಟ್ರಾಕ್ಟರ್‌ಗೆ ಈಗ್ಲೇ ಹೊಸ ಮ್ಯಾಪ್ ಕಳ್ಸಿ!”

ಸತ್ತವರಿಗೆ ದಕ್ಕದ ಮರ್ಯಾದೆ ಗುರುತಿಗೆ ದಕ್ಕಿತು. ಬಸಲಿಂಗ ಸಂಜೆಯೇ ಗೂಟ ಕಿತ್ತ. ದಾಸಪ್ಪ ಗೂಟದ ಕುಳಿಗಳಿಗೆ ಕೈಯಾರೆ ಮಣ್ಣು ತುಂಬಿದ.

ಟ್ರ್ಯಾಕು ಸ್ಮಶಾನವನ್ನು ಬಳಸಿಕೊಂಡು ದುಂಡಗೆ ಹೋಯಿತು. ಈಗ ಬೆಳಗಾದರೆ ಕಂಪನಿಯವರು ಬೂಟು ತೊಟ್ಟು, ಕಿವಿಗೆ ಹಾಡು ಸಿಕ್ಕಿಸಿಕೊಂಡು ಚಿಕ್ಕಮುನಿಯಮ್ಮನನ್ನು ಸುತ್ತುತ್ತಾರೆ. ಒಂದು ದಿನ ದೀಪ ಹಚ್ಚಲು ಬಂದ ದಾಸಪ್ಪನಿಗೆ ಮಲ್ಲಿಕ್ ಬೆವರು ಸುರಿಸುತ್ತ ಎದುರಾದ.

“ಸ್ವಾಮಿ, ಅಂಗಲ್ಲ,” ಎಂದು ದಾಸಪ್ಪ ತಡೆದ. “ಅವಳನ್ನ ಎಡಕ್ಕೆ ಬಿಟ್ಕಂಡು ಸುತ್ತಬಾರ್ದು. ಬಲಕ್ಕಿರ್ಬೇಕು.”

ಮಲ್ಲಿಕ್ ಕಿವಿಯಿಂದ ಹಾಡು ಕಿತ್ತ. “ಹಾಗಂತ ರೂಲ್ ಇದೆಯಾ ಅಂಕಲ್?”

“ಐತೆ.”

ಮಲ್ಲಿಕ್ ತಕ್ಷಣ ಹಿಂದಕ್ಕೆ ತಿರುಗಿ ನಡೆದ.